ಅಕ್ಕಗ ಒಂದೇ ಹಾಳಿ

೮ ಆಗಸ್ಟ್, ಗುರುವಾರ. ನಾರಾಯಣಖೇಡ.

ಕಂಪ್ಯೂಟರ್ ಪರದೆಯ ಮ್ಯಾಲೆ ಸರಿಯಾಗಿ ಕಾಣದೆ ಇಷ್ಟು ದಿನ ಪತ್ರದ ಅಕ್ಷರವನ್ನೇ ದೊಡ್ಡದು ಮಾಡುತ್ತಿದ್ದೆ. ಹಿಂಗಾಗಿ ಹೋದ ತಿಂಗಳು ನಾಗಲಗಿದ್ದ ಊರಿನ ಲಚ್ಚಮ್ಮಕ್ಕಗ ಒಂದೇ ಪತ್ರ ಹನ್ನೊಂದು ಹಾಳಿ ಅಚ್ಚಾಗಿ ಹೋಯಿತು. ಅಕ್ಕ ಫೋನಿನಾಗ ನಕ್ಕಳು: "ಮೊಗಲ್ಯಾ, ಹನ್ನೊಂದು ಹಾಳಿ ತಿರುವಿದೆ, ಕುರಿ ಈದ ಸುದ್ದಿ ಒಂದೇ ಸಿಕ್ಕತು." ಕಣ್ಣು ಹೋದವು, ಇನ್ನು ಬರೆಯುವುದು ಸಾಕು ಅಂದುಕೊಂಡಿದ್ದೆ.

ಇವತ್ತು ನಾನು ಮತ್ತ ಅಕ್ಷರ ದೊಡ್ಡದು ಮಾಡುತ್ತ ಕುಂತಿದ್ದನ್ನ ಸೊಸೆ ಶಿಲ್ಪಾರಾಣಿ ನೋಡಿದಳು. "ಮಾವಾ, ಪತ್ರ ಹಂಗೇ ಇರ್ಲಿರಿ. ಪರದೆ ಸೆಟ್ಟಿಂಗ್ ಬದಲಿ ಮಾಡಿದ್ರ ಆತು," ಅಂದು ಸ್ಕ್ರೀನ್ ರೆಸಲ್ಯೂಷನ್ ಇಳಿಸಿದಳು. ಪರದೆಯ ಮ್ಯಾಲಿನದೆಲ್ಲ ದೊಡ್ಡದಾಗಿ, ಅಕ್ಷರಗಳು ಜೋಳದ ಕಾಳಿನಂತೆ ಬಿಡಿಬಿಡಿಯಾಗಿ ಕಂಡವು.

ಪತ್ರ ಒಂದೇ ಹಾಳಿಗೆ ಮುಗಿಯಿತು. ಕೆಳಗೆ ಜಾಗ ಉಳಿದಿತ್ತು, ಅಲ್ಲಿ ಶಿಲ್ಪಾನ ಉಪಕಾರ ಬರೆದೆ. ಅಕ್ಕನೇ ಓದಿ ಆಕಿಗೆ ಹೇಳಲಿ. ನನಗೆ ಎದುರಿಗೆ ನಿಂತು ಹೇಳಲು ಬಾಯಿ ಬರಲಿಲ್ಲ, ಬರೀ ಚಹಾ ಕುಡಿದಿಯೇನು ಅಂತ ಕೇಳಿ ಎದ್ದು ಬಂದೆ.