ಪೇರೂರು ಹೊಳೆ ಸೇರಿದ ಬೂದಿ

ಪೀಳಮೇಡು, ೧೨-೩-೫೬

ಅಕ್ಕನಿಗೆ ಶೇಷಗಿರಿಯ ನಮಸ್ಕಾರ. ಇಲ್ಲಿ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗಿದೆ. ಆಸ್ಪತ್ರೆಯವರನ್ನು ಕಾಡಿ ಬೇಡಿ ತಂದ ಅನಾಥ ಶವದ ತೊಡೆಮೂಳೆಯನ್ನು ಒಂದು ವಾರ ಸುಟ್ಟು, ಅರೆದು, ಬೂದಿ ಮಾಡಿಟ್ಟಿದ್ದೆ. ಅದನ್ನು ವಿದ್ಯುತ್ ಜ್ವಾಲೆಯಲ್ಲಿ ಉರಿಸಿ, ಆ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಫೋಟೋ ತೆಗೆದರೆ, ಮೂಳೆಯಲ್ಲಿ ಸುಣ್ಣವೆಷ್ಟು, ಸೀಸವೆಷ್ಟು ಎಂದು ಬಣ್ಣದ ಗೆರೆಗಳೇ ಹೇಳುತ್ತವೆ. ನಿನ್ನೆ ನೋಡಿದರೆ ಕುಡಿಕೆ ಫಳಫಳ ತೊಳೆದಿಟ್ಟಿದೆ, ಬೂದಿಯೇ ಇಲ್ಲ! ನಮ್ಮ ಲ್ಯಾಬಿನ ಅಟೆಂಡರ್ ತಿರುಮಲೈಸಾಮಿ ಅದನ್ನು ಪೇರೂರಿಗೆ ಒಯ್ದು, ಪುರೋಹಿತರನ್ನು ಕೂರಿಸಿ, ನೊಯ್ಯಲ್ ಹೊಳೆಯಲ್ಲಿ ಬಿಟ್ಟು ಬಂದಿದ್ದಾನೆ. ಈತ ಈ ತಮಿಳು ಸೀಮೆಯ ನೇಕಾರರ ಮನೆಯವನಾದರೂ ಮನೆಮಾತು ಕನ್ನಡ. "ಪಾವಂ ಸಾರ್, ಪಾಪ, ಯಾರೋ ಹೆತ್ತ ಮಗ. ಸುಟ್ಟಿದ್ದನ್ನೇ ಎಷ್ಟು ಸಲ ಸುಡ್ತೀರಿ?" ಎಂದು ನನಗೇ ಬುದ್ಧಿ ಹೇಳಿದ. ಮಂತ್ರಕ್ಕೆ ಯಾರ ಹೆಸರು ಕೊಟ್ಟೆಯಪ್ಪಾ ಎಂದೆ. "ಸತ್ತೋರಿಗೆ ಮಗ ಯಾರೂಂತ ಅಯ್ಯರು ಕೇಳಿದ್ರು ಸಾರ್. ನಿಮ್ಮ ಹೆಸರೇ ಹೇಳ್ಬಿಟ್ಟೆ."

ಇನ್ನೊಂದು ಮೂಳೆಗೆ ಅರ್ಜಿ ಹಾಕಿದ್ದೇನೆ. ನನ್ನ ಕೆಮ್ಮು ವಾಸಿಯಾಗಿದೆ. ಜಾಗವಿಲ್ಲ, ನಿಲ್ಲಿಸುತ್ತೇನೆ. ಅಪ್ಪ ಹೇಗಿದ್ದಾರೆಂದು ಮರುಟಪಾಲಿಗೇ ಬರೆ. ಈ ಕಾರ್ಡನ್ನು ಮಾತ್ರ ಅವರಿಗೆ ತೋರಿಸಬೇಡ.

ನಿನ್ನ ತಮ್ಮ,
ಶೇಷಗಿರಿ