ಕಿವಿಗೆ ಬೀಳದ ಕುಟ್ಟು

ಮದ್ದೂರು,
೧೨ನೇ ಫೆಬ್ರವರಿ ೧೯೪೪

ಪ್ರೀತಿಯ ಮಗಳು ಅಜೀಜಾಳಿಗೆ ನಿನ್ನ ಅಬ್ಬಾನ ಸಲಾಮು, ದುವಾ.

ಹೇಗಿದ್ದೀಯ ಮಗಳೇ? ಮಳವಳ್ಳಿಯ ನೀರು ಈಗಲಾದರೂ ಮೈಗೆ ಹಿಡಿಯಿತೆ? ಹೋದ ಸಲ ಬಂದಾಗ ನಿನ್ನ ಕೆನ್ನೆ ಒಳಕ್ಕೆ ಹೋಗಿತ್ತೆಂದು ನಿನ್ನ ಅಮ್ಮಿ ಇವತ್ತಿಗೂ ಗೊಣಗುತ್ತಾಳೆ, ನಾನೇ ಅದನ್ನು ಕಿತ್ತುಕೊಂಡವನ ಹಾಗೆ. ಅಳಿಯ ಅಕ್ರಂ ಪಾಷಾರ ಸೈಕಲ್ ಅಂಗಡಿಗೆ ಟೈರು ಟ್ಯೂಬು ಬರುತ್ತಿವೆಯೆ, ಇಲ್ಲ ಯುದ್ಧ ಅವನ್ನೂ ನುಂಗಿತೆ? ನಿನ್ನ ಮಾವನವರ ಕೆಮ್ಮು ಹೇಗಿದೆ? ಉರ್ದು ಬಿಟ್ಟು ಕನ್ನಡದಲ್ಲಿ ಬರೆದೆನೆಂದು ಆಶ್ಚರ್ಯಪಡಬೇಡ. ಮನೆಗೆ ಬಂದ ಕಾಗದವನ್ನು ಅವರೇ ಮೊದಲು ಒಡೆದು ಓದುತ್ತಾರೆಂದು ನೀನೇ ಹೇಳಿದ್ದೆ. ಕನ್ನಡ ಅವರಿಗೆ ಓದಲು ಬರುವುದಿಲ್ಲ. ಈ ವಯಸ್ಸಿನಲ್ಲಿ ನಿನ್ನಪ್ಪ ಬೀಗರ ಕಣ್ಣಿಗೆ ಮಣ್ಣೆರಚುತ್ತಿದ್ದಾನೆ, ನೋಡು.

ಸಂಗತಿ ಅಕ್ಕಿ ಮಿಲ್ಲಿನ ಇಂಜಿನ್ನಿನದು. ಕ್ರೂಡಾಯಿಲ್ಲಿಗೆ ರೇಷನ್ ಬಂದ ಮೇಲೆ ಧಣಿಗಳು ಇಂಜಿನ್ನಿಗೆ ಹೊಂಗೆ ಎಣ್ಣೆ ಕುಡಿಸುತ್ತಿದ್ದಾರೆ. ಬೆಳಿಗ್ಗೆ ಚಾಲೂ ಮಾಡುವಾಗ ಮಾತ್ರ ಒಂದಿಷ್ಟು ಕ್ರೂಡಾಯಿಲ್, ಬಿಸಿಯಾದ ಮೇಲೆ ಹೊಂಗೆ. ಹೊಂಗೆ ಎಣ್ಣೆ ಸೋಮಾರಿ, ಬೆಂಕಿ ಹಿಡಿಯಲು ಹೊತ್ತು ತೆಗೆದುಕೊಳ್ಳುತ್ತದೆ. ಆದ್ದರಿಂದ ಪಂಪು ಎಣ್ಣೆ ಚಿಮ್ಮುವ ಗಳಿಗೆಯನ್ನು ಒಂದು ಕೂದಲಷ್ಟು ಮುಂಚಿತ ಮಾಡಬೇಕು. ಚಕ್ರದ ಮೇಲೆ ಕಂಪೆನಿಯವರು ಹೊಡೆದ ಗೀಟು ಕಂಪೆನಿಯ ಎಣ್ಣೆಗೆ ಹೇಳಿದ್ದು, ಹೊಂಗೆ ಮರದ ಲೆಕ್ಕ ಅದಕ್ಕೇನು ಗೊತ್ತು? ಅದನ್ನು ಕಿವಿಯಿಂದಲೇ ಮಾಡಬೇಕು. ಪಂಪಿನ ತಳದ ತಿರುಪನ್ನು ಒಂದಿಷ್ಟು ಏರಿಸುವುದು, ಕೇಳುವುದು, ಮತ್ತೆ ಏರಿಸುವುದು. ಒಳಗೆ ಟಣ್ ಟಣ್ ಎಂದು ಕುಟ್ಟು ಹುಟ್ಟಿತೋ, ಅಲ್ಲಿಂದ ಸ್ವಲ್ಪ ಹಿಂದಕ್ಕೆ ಬಂದು ನಟ್ಟು ಬಿಗಿಯುವುದು. ನಿನಗಿದೆಲ್ಲ ಹೊಸದಲ್ಲ. ಊಟದ ಡಬ್ಬಿ ತಂದವಳು ಕಬ್ಬಿಣದ ಸಲಾಕೆಯ ಒಂದು ತುದಿ ಸಿಲಿಂಡರಿಗೆ, ಒಂದು ತುದಿ ಕಿವಿಗೆ ಇಟ್ಟುಕೊಂಡು, ನನಗಿಂತ ಮೊದಲೇ ಅಬ್ಬಾ ಕುಟ್ಟು ಬಂತು ಎನ್ನುತ್ತಿದ್ದೆ. ಆಗ ನನಗೆ ಎಷ್ಟು ಜಂಬ ಗೊತ್ತಾ? ಹುಡುಗಿಗೆ ಇದೆಲ್ಲ ಯಾಕೆ ಎಂದವರ ಹತ್ತಿರ ಜಗಳವನ್ನೇ ಆಡಿದ್ದೆ.

ಹೋದ ತಿಂಗಳು ಇಂಜಿನ್ನು ಕಪ್ಪು ಹೊಗೆ ಬಿಟ್ಟು ಸೊರಗಿತೆಂದು ಕರೆಸಿದರು. ಹೋದೆ. ತಿರುಪು ಏರಿಸಿದೆ, ಸಲಾಕೆಗೆ ಕಿವಿ ಕೊಟ್ಟೆ. ದಡ್ ದಡ್ ಎನ್ನುವುದು ಬಿಟ್ಟರೆ ಏನೂ ಇಲ್ಲ. ಇನ್ನೂ ಏರಿಸಿದೆ. ಆಗಲೂ ಇಲ್ಲ. ಇನ್ನೂ ಏರಿಸಿದೆ. ಇಂಜಿನ್ ನಡೆಸುವ ಹೊನ್ನಯ್ಯ ಎದುರಿಗೆ ನಿಂತು ಕೈ ಬೀಸುತ್ತಾ ಏನೋ ಕೂಗಿದ. ಭೇಷ್ ಎನ್ನುತ್ತಿದ್ದಾನೆಂದು ತಿಳಿದು, ನಾನು ತಲೆಯಾಡಿಸಿ, ನಕ್ಕು, ನಟ್ಟು ಬಿಗಿದು, ಕೈ ಒರೆಸಿಕೊಂಡು ಬಂದುಬಿಟ್ಟೆ. ಅವನು ಕೂಗಿದ್ದು "ಏಟಾಕ್ತಾ ಅದೆ ಸಾಬ್ರೇ, ಇಳುಸ್ರೀ, ಇಳುಸ್ರೀ" ಎಂದಂತೆ. ಇಷ್ಟು ವರ್ಷದ ಮೇಸ್ತ್ರಿಯೇ ನಗುತ್ತಾ ಬಿಗಿದ ಮೇಲೆ ತನ್ನ ಕಿವಿಯೇ ತಪ್ಪಿರಬೇಕು ಎಂದುಕೊಂಡು ಪಾಪ ಸುಮ್ಮನಾದ. ಮಾರನೆಯ ಬೆಳಿಗ್ಗೆ ಸಿದ್ದರಾಜು ಹ್ಯಾಂಡಲ್ ಹಾಕಿ ತಿರುಗಿಸಿದಾಗ ಎಣ್ಣೆ ಬೇಗ ಹೊತ್ತಿಕೊಂಡು, ಮೇಲಕ್ಕೆ ಬರುತ್ತಿದ್ದ ಪಿಸ್ಟನ್ನಿನ ಮುಖಕ್ಕೇ ಹೊಡೆದು, ಚಕ್ರ ಹಿಂದಕ್ಕೆ ತಿರುಗಿತು. ಹ್ಯಾಂಡಲ್ ಅವನ ಬಲಗೈ ಮಣಿಕಟ್ಟನ್ನು ಮುರಿಯಿತು. ಸಿದ್ದರಾಜು ಯಾರೆಂದು ಮರೆತಿದ್ದರೆ, ನಿನ್ನ ನಿಕಾಹಿನ ದಿನ ನೀರಿನ ಹಂಡೆಗಳನ್ನೆಲ್ಲ ಒಬ್ಬನೇ ಹೊತ್ತವನು.

ನಾನು ಓಡಿಹೋಗುವಷ್ಟರಲ್ಲಿ ಧಣಿಗಳು ಬಂದಿದ್ದರು. ಇದು ಯಾರ ಕೆಲಸ ಎಂದು ಕೇಳಿದರು. ಹೊನ್ನಯ್ಯನ ಗಂಟಲು ನಿನಗೆ ಗೊತ್ತಲ್ಲ, ಅವನು ಹೇಳಿದ್ದು ನನಗೂ ಕೇಳಿಸಿತು: "ಸಾಬ್ರು ಸರ್ಯಾಗೇ ಮಾಡವ್ರೆ ಬುಡಿ ಧಣೇರಾ, ಒಂಗೆ ಎಣ್ಣೇದೇ ತಪ್ಪು." ನಾನು ಅಲ್ಲೇ ನಿಂತಿದ್ದೆ ಅಜೀಜಾ. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಆದರೂ ಬಾಯಿ ತೆರೆಯಲಿಲ್ಲ. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಮುಚ್ಚಿಟ್ಟನಲ್ಲ, ಅದನ್ನು ನುಂಗಲಾರೆ. ಅವನಿಗೆ ಗೊತ್ತಾಗಿದೆ. ಈಗ ನಾನು ಮಿಲ್ಲಿಗೆ ಹೋದರೆ ನನ್ನ ಕಣ್ಣಿಗೆ ಕಾಣುವ ಹಾಗೆ ಬಂದು ನಿಲ್ಲುತ್ತಾನೆ, ತುಟಿ ಅಗಲಿಸಿ ಮಾತಾಡುತ್ತಾನೆ, ಯಾರೂ ನೋಡದಾಗ ಬೆರಳಿನಲ್ಲಿ ಏರಿಸು ಇಳಿಸು ಎಂದು ತೋರಿಸುತ್ತಾನೆ. ಮದುವೆಯ ಮನೆಯಲ್ಲಿ ಕುರುಡನಿಗೆ ತುತ್ತು ಇಡುವ ಹಾಗೆ. ಅಷ್ಟು ಒಳ್ಳೆಯವನನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಆ ಸಿಟ್ಟಿಗೂ ನಾಚಿಕೆಯಾಗುತ್ತದೆ. ಹಲಗೂರಿನ ಎಣ್ಣೆ ಮಿಲ್ಲಿನವರು ಕರೆ ಕಳುಹಿಸಿದ್ದರು, ಜ್ವರ ಎಂದು ಹೇಳಿ ತಪ್ಪಿಸಿಕೊಂಡೆ. ನಮಾಜಿಗೆ ಹೋದರೂ ಹಿಂದಿನ ಸಾಲು ಬಿಟ್ಟು ಮುಂದೆ ಹೋಗಿ ನಿಲ್ಲುತ್ತೇನೆ, ಇಮಾಮರ ದನಿ ಸಿಗಲಿ ಎಂದು. ಗೌಸ್ ಪೀರ್ ಸಾಬರಿಗೆ ಭಕ್ತಿ ಹೆಚ್ಚಾಯಿತು ಎಂದು ಜನ ಮೆಚ್ಚಿಕೊಳ್ಳುತ್ತಿದ್ದಾರೆ.

ಪಂಪು ಇನ್ನೂ ಸರಿ ಕೂತಿಲ್ಲ. ಹೊನ್ನಯ್ಯನಿಗೆ ಕುಟ್ಟು ಗೊತ್ತಾಗುತ್ತದೆ, ಆದರೆ ಅದು ಹುಟ್ಟುವ ಮೊದಲಿನ ಸಣ್ಣ ಬಿರುಸು ಗೊತ್ತಾಗುವುದಿಲ್ಲ. ಅದು ನಿನಗೆ ಗೊತ್ತಾಗುತ್ತಿತ್ತು. ಅದಕ್ಕೇ ಈ ಕಾಗದ. ಅಮ್ಮಿಗೆ ಮಂಡಿನೋವು ಜಾಸ್ತಿಯಾಗಿ ಹಾಸಿಗೆ ಹಿಡಿದಿದ್ದಾಳೆ, ನೋಡಿಕೊಂಡು ಬರುತ್ತೇನೆ ಎಂದು ನಿನ್ನ ಅತ್ತೆ ಮಾವನವರಿಗೆ ಹೇಳಿ ಬಾ. ಮಧ್ಯಾಹ್ನ ಕೂಲಿಯವರು ಊಟಕ್ಕೆ ಹೋದಾಗ ಬುರ್ಖಾ ಹಾಕಿಕೊಂಡು ಡಬ್ಬಿ ತಂದವಳಂತೆ ಇಂಜಿನ್ ಮನೆಗೆ ಬಂದರೆ ಸಾಕು. ಸಲಾಕೆ ನಾನೇ ಹಿಡಿದಿರುತ್ತೇನೆ, ನೀನು ಹತ್ತಿರ ನಿಂತು ಕೇಳಿ ನನ್ನ ತೋಳು ಮುಟ್ಟಿದರೆ ಸಾಕು. ಕೊಟ್ಟ ಮಗಳನ್ನು ಸುಳ್ಳು ಹೇಳಿಸಿ ಕರೆಸಿಕೊಂಡು, ಅವಳ ಕಿವಿಯಿಂದ ಹೆಸರು ಉಳಿಸಿಕೊಳ್ಳುವ ಅಪ್ಪನನ್ನು ನೀನು ಎಲ್ಲೂ ಕಂಡಿರಲಾರೆ. ಬರೆಯುವಾಗಲೇ ಮುಖ ಬಿಸಿಯಾಗುತ್ತಿದೆ. ಆದರೂ ಬರೆದೆ. ಬಸ್ಸಿನಲ್ಲಿ ಹಿಂದೆ ಕೂರಬೇಡ, ಪೆಟ್ರೋಲಿಲ್ಲದೆ ಇದ್ದಿಲು ಉರಿಸಿ ಓಡಿಸುತ್ತಾರೆ, ಆ ಗ್ಯಾಸಿಗೆ ತಲೆ ಸುತ್ತುತ್ತದೆ.

ಮನೆಯ ಹಿರಿಯರಿಗೆಲ್ಲ ನನ್ನ ಸಲಾಮು ತಿಳಿಸು. ಅಳಿಯನಿಗೆ ನೆನೆದೆನೆಂದು ಹೇಳು. ಅಲ್ಲಾಹು ನಿನ್ನ ಮಡಿಲನ್ನೂ ಮನೆಯನ್ನೂ ತುಂಬಿಸಲಿ.

ನಿನ್ನ ಅಬ್ಬಾ,
ಗೌಸ್ ಪೀರ್

ತಾಜಾ ಕಲಂ: ಲಕೋಟೆ ಅಂಟಿಸುವ ಮೊದಲು, ಯಾರಾದರೂ ಬಂದು ಕೇಳಿದರೆ ಸ್ವಲ್ಪ ಕುಂಟಿಕೊಂಡು ನಡೆ ಎಂದು ನಿನ್ನ ಅಮ್ಮಿಗೆ ಹೇಳಲು ಹೋದೆ. ಬೀಬಿ ಜಾನ್ ನನ್ನ ಕಿವಿಗೇ ಬಾಯಿಟ್ಟು ಕೂಗಿದಳು: "ನನ್ ಮಂಡಿ ಗಟ್ಟಿಯಾಗೇ ಅದೆ. ಕಿವಿ ಕೆಟ್ಟಿರಾದು ನಿಮ್ದು. ಮೊದ್ಲು ಸಿದ್ದರಾಜು ಮನೇಗೋಗಿ ಬನ್ನಿ." ಅವಳಿಗೆ ಎಂದಿನಿಂದ ಗೊತ್ತಿತ್ತೋ, ಕೇಳಲಿಲ್ಲ. ಹೋದೆ. ಸಿದ್ದರಾಜು ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದ. ಎಣ್ಣೆಯ ತಪ್ಪಲ್ಲಪ್ಪ, ನನಗೆ ಕಿವಿ ಕೇಳಿಸುವುದಿಲ್ಲ, ನಿನ್ನ ಕೈ ಮುರಿದವನು ನಾನು ಎಂದೆ. ಅವನು ತಲೆ ತಗ್ಗಿಸಿಕೊಂಡು ಬಹಳ ಹೊತ್ತು ಮೆಲ್ಲಗೆ ಮಾತಾಡಿದ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಚಿಕ್ಕಬೋರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಒಂದಕ್ಷರವೂ ಕೇಳಿಸಲಿಲ್ಲ ಮಗಳೇ. ಇನ್ನೊಂದು ಸಲ ಹೇಳು ಎಂದು ಆ ಮನುಷ್ಯನನ್ನು ಹೇಗೆ ಕೇಳಲಿ? ತಲೆಯಾಡಿಸಿ ಎದ್ದು ಬಂದೆ. ಮಾವನವರಿಗೆ ಮಂಡಿ ಎನ್ನಬೇಡ, ನನ್ನಪ್ಪನಿಗೆ ಕಿವಿ ಹೋಗಿದೆ ಎಂದೇ ಹೇಳಿ ಬಾ. ಇಂಜಿನ್ನು ಕಾಯಲಿ. ನೀನು ಮೊದಲು ಸಿದ್ದರಾಜುವಿನ ಮನೆಗೆ ಹೋಗಿ, ಅವನು ನನಗೆ ಏನು ಹೇಳಿದನೆಂದು ಕೇಳಿಕೊಂಡು ಬಾ.