ಎರಡನೆಯ ದಿನ ತೆಗೆದ ಬಾಗಿಲು

ಕ್ರಾಕೋವ್, ಪೋಲೆಂಡ್
೧೭ ಫೆಬ್ರವರಿ ೨೦೨೫

ಪ್ರೀತಿಯ ಪದ್ಮಿನಿ,

ಹೇಗಿದ್ದೀಯ? ದೀಪಾವಳಿಗೆ ಬರೆದ ನಿನ್ನ ಕಾಗದಕ್ಕೆ ಶಿವರಾತ್ರಿ ಹತ್ತಿರ ಬಂದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈದುಕೋ, ಆದರೆ ಪೂರ್ತಿ ಓದು. ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಬೇರೆ ಮಾತಿಗೆ ಹೊರಳಿಬಿಡುತ್ತೇನೆ. ನಿನ್ನ ಪುಟ್ಟ ಮಗಳು ಸ್ಪಂದನಳಿಗೆ ಹಲ್ಲು ಬಂತೆ? ಪಾಠ ಹೇಳಲು ಹನೂರಿನ ಶಾಲೆಗೆ ಈಗಲೂ ಕೊಳ್ಳೇಗಾಲದಿಂದಲೇ ಬಸ್ಸಿನಲ್ಲಿ ಓಡಾಡುತ್ತೀಯಾ?

ಇಲ್ಲಿ ಹಿಮ ಬೀಳುತ್ತಿದೆ. ಸ್ಕಾರ್ಫಿನ ಮೇಲೆ ಉಣ್ಣೆ ಟೋಪಿ ಹಾಕಿಕೊಂಡು ಲೈಬ್ರರಿಗೆ ಹೋಗುತ್ತೇನೆ.

ಯಹೂದಿಗಳ ಚರಿತ್ರೆ ಓದಲು ನಾನು ಇಲ್ಲಿಗೆ ಹೊರಟಾಗ ನಮ್ಮ ಬೀದಿಯ ಪುಟ್ಟಬಸಮ್ಮಜ್ಜಿ ಕೇಳಿದ್ದರಲ್ಲ, "ಯಹೂದಿಗಳು ಅಂದ್ರೆ ಯಾವ ಪೈಕಿಯವ್ವಾ? ಅವ್ರ ಕತೆ ಓದಕೆ ಅಷ್ಟು ದೂರ ಓಗ್ಬೇಕಾ?" ಅಂತ. ಮಾಮು ಸಿಟ್ಟಾಗಿದ್ದರು. "ಟೀವೀಲಿ ದಿನಾ ಏನು ನಡೀತಿದೆ ನೋಡ್ತಿಲ್ವಾ? ಅವರ ಚರಿತ್ರೆನೇ ಬೇಕಿತ್ತಾ ನಿಂಗೆ?" ಅಂದವರು ಇವತ್ತಿಗೂ ಫೋನ್ ಮಾಡಿಲ್ಲ. ಅವರ ಮಾತನ್ನು ತಳ್ಳಿಹಾಕಲಾರೆ, ಆ ಸುದ್ದಿ ನೋಡಿದ ದಿನ ಇಲ್ಲಿ ನನಗೂ ಊಟ ಸೇರುವುದಿಲ್ಲ. ಅಬ್ಬಾ ಮಾತ್ರ, "ಓದುದ್ರೆ ಯಾರ ಗಂಟೂ ಓಗಲ್ಲ, ಓಗಿ ಬಾ" ಅಂದು ಕಳಿಸಿದರು.

ಇಲ್ಲಿನ ಯಹೂದಿಗಳು ಹಿಂದೆ ಮನೆಯಲ್ಲಿ ಆಡುತ್ತಿದ್ದ ಭಾಷೆ ಯಿದ್ದಿಶ್. ಅದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ತರಗತಿಯಲ್ಲಿ ಎಲ್ಲರೂ ತಡವರಿಸಿದರೆ, ಮದರಸದಲ್ಲಿ ಹಾಗೇ ಓದಿ ಬೆಳೆದ ನನಗೆ ಕಣ್ಣು ತಾನಾಗಿಯೇ ಹರಿಯಿತು.

ಲೈಬ್ರರಿಗೆ ಪ್ರತಿ ಗುರುವಾರ ಹನಾ ಎಂಬ ಎಂಬತ್ತಾರರ ಅಜ್ಜಿ ಬರುತ್ತಾರೆ. ಮೊದಲ ಸಲ ನನ್ನ ಸ್ಕಾರ್ಫ್ ನೋಡಿದವರೇ ಚೀಲ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಮೂರು ತಿಂಗಳು ಹೀಗೇ ನಡೆಯಿತು. ಒಂದು ದಿನ ನಾನು ಮೆಲ್ಲಗೆ ಬಾಯಿಬಿಟ್ಟು ಓದಿಕೊಳ್ಳುತ್ತಿದ್ದೆ. ಅವರು ಬಂದು ಪಕ್ಕದಲ್ಲಿ ನಿಂತು, ಹರಕು ಇಂಗ್ಲಿಷಿನಲ್ಲಿ, "ಕೈಬರಹವೂ ಓದಲು ಬರುತ್ತದಾ?" ಅಂದರು. ಹಳೆಯ ಕಾಗದವೊಂದನ್ನು ಮುಂದಿಟ್ಟರು.

ಇಲ್ಲಿ ಯಹೂದಿಗಳನ್ನು ಹುಡುಕಿ ಕೊಲ್ಲುತ್ತಿದ್ದ ಯುದ್ಧದ ಕಾಲದಲ್ಲಿ ಅವರ ತಾಯಿ ಬರೆದದ್ದಂತೆ. ನಾಲ್ಕು ವರ್ಷದ ಹನಾಳನ್ನು ನೆರೆಮನೆಯ ಕ್ರೈಸ್ತ ಹೆಂಗಸು ಜೋಫಿಯಾಗೆ ಒಪ್ಪಿಸಿ ಹೋದ ಆ ತಾಯಿ ಮತ್ತೆ ಬರಲಿಲ್ಲ. ಜೋಫಿಯಾ ಮಗುವನ್ನು ತನ್ನದೇ ಎಂದು ಹೇಳಿಕೊಂಡು ಸಾಕಿದಳು. ಹಾಗಾಗಿ ಹನಾಗೆ ತಾಯಿಯ ಭಾಷೆ ಓದಲು ಬಾರದು. "ನಮ್ಮವರ ಕೈಗೆ ಕೊಟ್ಟರೆ ಅವರೂ ಅಳುತ್ತಾರೆ. ಅದಕ್ಕೇ ಇಷ್ಟು ವರ್ಷ ಮಡಿಸಿಟ್ಟೆ. ನೀನು ಹೊರಗಿನವಳು, ಓದು" ಅಂದರು.

ಓದಿದೆ, ಪದ್ಮಿನಿ. ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ಹಾಲಿನ ಕೆನೆ ಕಂಡರೆ ನಿನಗಾಗುವುದಿಲ್ಲ, ನಾಯಿ ಕಂಡರೆ ಭಯ ಎಂದೆಲ್ಲ ಬರೆದಿತ್ತು. ಕೊನೆಯಲ್ಲಿ ಹೀಗಿತ್ತು: "ಮೊದಲ ದಿನ ಜೋಫಿಯಾ ಬಾಗಿಲು ತೆಗೆಯಲಿಲ್ಲ. ಎರಡನೆಯ ದಿನ ತೆಗೆದಳು. ಮೊದಲ ದಿನವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ, ಮಗಳೇ."

ಹನಾ ಕಾಗದವನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ, "ಜೋಫಿಯಾ ಸಾಯುವವರೆಗೂ ಆಗಾಗ 'ಕ್ಷಮಿಸು' ಅನ್ನುತ್ತಿದ್ದಳು. ಯಾತಕ್ಕೆ ಅಂತ ಕೇಳಿದರೆ ಹೇಳುತ್ತಿರಲಿಲ್ಲ" ಅಂದರು. ಅಳಲಿಲ್ಲ. ಅತ್ತವಳು ನಾನು. ಮುಂದಿನ ಗುರುವಾರ ಬಂದವರೇ ನನ್ನ ಮೇಜಿನಲ್ಲೇ ಚೀಲ ಇಟ್ಟರು.

ನಿನ್ನ ಅಪ್ಪ ಅಮ್ಮನಿಗೆ ನನ್ನ ಸಲಾಂ ಹೇಳು. ನಿಮ್ಮ ಮಗ್ಗಗಳ ಸದ್ದು ನಿಲ್ಲದಿರಲಿ, ಸ್ಪಂದನ ನೂರು ಕಾಲ ಬಾಳಲಿ.

ನಿನ್ನ,
ಸಬೀಹಾ

ಲಕೋಟೆ ಅಂಟಿಸುವ ಮುಂಚೆ ಇಷ್ಟನ್ನೂ ಬರೆದುಬಿಡುತ್ತೇನೆ. ನಿಮ್ಮ ಮಗ್ಗಗಳ ರೇಷ್ಮೆ ನೂಲಿಗೆ ಇಪ್ಪತ್ತು ವರ್ಷ ಬಣ್ಣ ಹಾಕಿದವರು ಅಬ್ಬಾ. ನಮ್ಮವರಿಗೆ ಕೆಲಸ ಕೊಡಬೇಡಿ ಎಂದು ಕೆಲವರು ಮನೆಮನೆಗೆ ಹೇಳಿಕೊಂಡು ತಿರುಗಿದ ವರ್ಷ, ನಿನ್ನ ಅಪ್ಪ ನಿನ್ನನ್ನು ನಮ್ಮ ಮನೆಗೆ ಕಳಿಸಿದರು. "ಇನ್ಮೇಲೆ ನೂಲು ಕೊಡಕಾಗಲ್ವಂತೆ, ಯೋಳ್ಬುಟ್ಟು ಬಾ ಅಂದ್ರು" ಅಂತ ನೀನು ಹೊಸ್ತಿಲಾಚೆ ನಿಂತೇ ಹೇಳಿದೆ. ಅಬ್ಬಾ ನನ್ನ ಕಡೆ ತಿರುಗಿ, "ಮಗ ಬಿಸ್ಲಲ್ಲಿ ಬಂದವ್ಳೆ, ನೀರ್ ಕೊಡು" ಅಂದರು. ನಾನು ಚೊಂಬು ತರುವಷ್ಟರಲ್ಲಿ ನೀನು ಬೀದಿಯ ತಿರುವು ದಾಟಿದ್ದೆ. ಎಂಟು ವರ್ಷವಾಯಿತು. ಆಮೇಲೂ ನಾವು ನಗುನಗುತ್ತ ಮಾತಾಡಿದ್ದೇವೆ, ಕಾಗದ ಬರೆದಿದ್ದೇವೆ, ಆ ಮಾತು ಮಾತ್ರ ಇಬ್ಬರೂ ಎತ್ತಿಲ್ಲ. ನೀನು ಮತ್ತೆ ನಮ್ಮ ಮನೆಗೆ ಬಂದೂ ಇಲ್ಲ. ಜೂನ್‌ನಲ್ಲಿ ಊರಿಗೆ ಬರುತ್ತೇನೆ. ಬಾ ಪದ್ಮಿನಿ, ಒಳಗೆ ಬಂದು ಕೂತುಕೋ.